ಹೊಸದಾಗಿ ಓಡುವವರಿಗೆ: ಎರಡು ಪ್ಲಾನ್, ಎರಡು ಶೂ, ಬಳಸಿ ನೋಡಿದ ಮೇಲೆ

ಓಡಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೇಳುವುದು ಯಾವ ಶೂ ತಗೊಳ್ಳಲಿ ಅಂತ. ನನ್ನನ್ನು ಕೇಳಿದರೆ ಅದಕ್ಕಿಂತ ಮುಂಚೆ ತೀರ್ಮಾನ ಆಗಬೇಕಾದದ್ದು ಯಾವ ಪ್ಲಾನ್ ಹಿಡಿಯಬೇಕು ಅನ್ನುವುದು. ಶೂ ಸ್ವಲ್ಪ ಹೆಚ್ಚುಕಮ್ಮಿ ಆದರೂ ಹೇಗೋ ನಡೆಯುತ್ತದೆ. ಪ್ಲಾನ್ ಮೈಗೆ ಒಗ್ಗದಿದ್ದರೆ ತಿಂಗಳೊಳಗೆ ಆ ಶೂ ಮೂಲೆ ಸೇರುತ್ತದೆ. ಆದ್ದರಿಂದ ಪ್ಲಾನ್ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಇದೆಲ್ಲ ಸೊನ್ನೆಯಿಂದ ಶುರು ಮಾಡುವವರಿಗೆ. ಈಗಾಗಲೇ ಅರ್ಧ ಗಂಟೆ ನಿಲ್ಲದೆ ಓಡುವವರ ಲೆಕ್ಕವೇ ಬೇರೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಕೌಚ್ ಟು ಫೈವ್‌ಕೆ. ಅಂದರೆ ಸೋಫಾದಿಂದ ಎದ್ದು 5 ಕಿಲೋಮೀಟರ್ ಓಡುವವರೆಗೆ. 1996ರಲ್ಲಿ ಜಾಶ್ ಕ್ಲಾರ್ಕ್ ಎನ್ನುವವರು ಮಾಡಿದ್ದು. 9 ವಾರ, ವಾರಕ್ಕೆ 3 ದಿನ. ಮೊದಲ ವಾರ 5 ನಿಮಿಷ ಬಿರುಸಾಗಿ ನಡೆದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ವಾರ ಕಳೆದ ಹಾಗೆ ನಡಿಗೆ ಕಮ್ಮಿ ಆಗುತ್ತಾ ಹೋಗಿ ಕೊನೆಗೆ ನಿಲ್ಲದೆ 30 ನಿಮಿಷ ಓಟ. ಎರಡನೆಯದು ಜೆಫ್ ಗ್ಯಾಲೋವೇ ಅವರ ಓಟ-ನಡಿಗೆ ಪದ್ಧತಿ. ಅವರು 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಓಟಗಾರ. 1974ರಲ್ಲಿ ಹೊಸಬರಿಗೆ ಓಟ ಕಲಿಸುವಾಗ ಇದನ್ನು ಶುರು ಮಾಡಿದರು. ಇಲ್ಲಿ ನಡಿಗೆ ಕಮ್ಮಿ ಮಾಡಲೇಬೇಕು ಅಂತ ಇಲ್ಲ. 30 ಸೆಕೆಂಡ್ ಓಡಿ 30 ಸೆಕೆಂಡ್ ನಡೆಯಬಹುದು, 1 ನಿಮಿಷಕ್ಕೆ 1 ನಿಮಿಷ ಇಟ್ಟುಕೊಳ್ಳಬಹುದು, ಬೇಕಿದ್ದರೆ ಇದೇ ಲೆಕ್ಕದಲ್ಲಿ ಮ್ಯಾರಥಾನ್ ಕೂಡ ಮುಗಿಸಬಹುದು.

ಕೌಚ್ ಟು ಫೈವ್‌ಕೆಯಲ್ಲಿ ನನಗೆ ತುಂಬ ಇಷ್ಟವಾದದ್ದು, ತಲೆ ಓಡಿಸುವ ಕೆಲಸವೇ ಇಲ್ಲ. ಇವತ್ತು ಏನು ಅಂತ ಪಟ್ಟಿ ನೋಡು, ಹೊರಡು. ಶುರುವಿನಲ್ಲಿ ಇದು ದೊಡ್ಡ ಅನುಕೂಲ. ಯಾಕೆಂದರೆ ಓಡುವ ಹೊತ್ತಿಗೆ ಸರಿಯಾಗಿ ಮನಸ್ಸು ನೂರು ನೆಪ ಹುಡುಕುತ್ತದೆ, ಅಲ್ವಾ? ಎಡವಟ್ಟು ಇರುವುದು ಐದನೇ ವಾರದಲ್ಲಿ. ಆ ವಾರದ ಮೊದಲ ದಿನ 5 ನಿಮಿಷದ ಮೂರು ಓಟ, ನಡುವೆ 3 ನಿಮಿಷ ನಡಿಗೆ. ಎರಡನೇ ದಿನ 8 ನಿಮಿಷದ ಎರಡು ಓಟ, ನಡುವೆ 5 ನಿಮಿಷ ನಡಿಗೆ. ಮೂರನೇ ದಿನ ಇದ್ದಕ್ಕಿದ್ದಂತೆ 20 ನಿಮಿಷ, ನಡಿಗೆಯೇ ಇಲ್ಲ! ಪಟ್ಟಿಯಲ್ಲಿ ಅದನ್ನು ನೋಡಿದ ಕೂಡಲೇ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆ ದಿನ ದಾಟುವ ಉಪಾಯ ಒಂದೇ, ಮೊದಲ 5 ನಿಮಿಷ ನಾಚಿಕೆ ಆಗುವಷ್ಟು ನಿಧಾನ ಓಡುವುದು. ಪಕ್ಕದಲ್ಲಿ ಯಾರೋ ಬಿರುಸಾಗಿ ನಡೆದು ನಮ್ಮನ್ನು ದಾಟಿ ಹೋದರೂ ಹೋಗಲಿ. ಹತ್ತನೇ ನಿಮಿಷದ ಸುಮಾರಿಗೆ ಉಸಿರು ತಾನಾಗಿ ಒಂದು ಲಯಕ್ಕೆ ಬರುತ್ತದೆ. ಆಗಲಿಲ್ಲವಾ, ನಾಲ್ಕನೇ ವಾರವನ್ನೇ ಇನ್ನೊಂದು ಸಲ ಮಾಡಿ. 9 ವಾರ ಅಂತ ಯಾರೂ ಕಲ್ಲಿನಲ್ಲಿ ಕೆತ್ತಿಲ್ಲ.

ಇನ್ನೊಂದು ಮಾತು. 30 ನಿಮಿಷದಲ್ಲಿ 5 ಕಿಲೋಮೀಟರ್ ಆಗಬೇಕಾದರೆ ಒಂದು ಕಿಲೋಮೀಟರಿಗೆ 6 ನಿಮಿಷದ ವೇಗ ಬೇಕು. ಹೊಸಬರಲ್ಲಿ ಬಹಳ ಮಂದಿಗೆ ಅದು ಆಗುವುದಿಲ್ಲ. ಅರ್ಧ ಗಂಟೆಯಲ್ಲಿ ಮೂರೂವರೆಯೋ ನಾಲ್ಕೋ ಕಿಲೋಮೀಟರ್ ಆದರೆ ಪ್ಲಾನ್ ಮುಗಿದ ಹಾಗೆಯೇ. ಅದಕ್ಕಾಗಿ ಬೇಜಾರು ಮಾಡಿಕೊಳ್ಳಬೇಡಿ.

ಗ್ಯಾಲೋವೇ ಪದ್ಧತಿಯ ಗುಟ್ಟು ಮೊದಲ ನಡಿಗೆಯಲ್ಲಿದೆ. ಓಡಲು ಶುರು ಮಾಡಿ ಇನ್ನೂ ಒಂದು ನಿಮಿಷ ಆಗಿರುತ್ತದೆ, ಸುಸ್ತು ಅನ್ನುವುದು ಹತ್ತಿರವೂ ಬಂದಿರುವುದಿಲ್ಲ, ಟೈಮರ್ ಕೂಗುತ್ತದೆ, ನಡೆಯಬೇಕು. ಇದು ಬೇಡ, ಮುಂದಿನದು ತಗೊಂಡರಾಯಿತು ಅನ್ನಿಸುತ್ತದೆ. ಅದನ್ನು ಬಿಡಬಾರದು. ಸುಸ್ತಾದ ಮೇಲೆ ನಡೆದರೆ ಚೇತರಿಸಿಕೊಳ್ಳಲು ಹೊತ್ತು ಬೇಕು, ಸುಸ್ತಾಗುವ ಮುಂಚೆಯೇ ನಡೆದರೆ ಕೊನೆಯ ಸುತ್ತೂ ಮೊದಲ ಸುತ್ತಿನ ಹಾಗೆಯೇ ಇರುತ್ತದೆ. ನನಗೆ ಎರಡೂ ಪ್ಲಾನ್‌ಗಳ ನಡುವೆ ಎದ್ದು ಕಂಡ ವ್ಯತ್ಯಾಸ ಇದೇ. ಮಾರನೇ ದಿನ ಕಾಲು ಹಗುರವಾಗಿರುತ್ತಿತ್ತು, ಮತ್ತೆ ಹೊರಡಲು ಮನಸ್ಸು ಬರುತ್ತಿತ್ತು. ತೊಂದರೆ ಅಂದರೆ ಟೈಮರ್ ಗಲಾಟೆ. ಅರ್ಧ ನಿಮಿಷಕ್ಕೊಮ್ಮೆ ಪೀಂ ಪೀಂ ಅನ್ನುತ್ತಿದ್ದರೆ ಹಾಡು ಕೇಳುವುದೂ ಕಷ್ಟ, ಜೊತೆಯಲ್ಲಿ ಓಡುವವರಿಗೂ ಕಿರಿಕಿರಿ. ನಡೆದರೆ ಅದು ಓಟವೇ ಅಲ್ಲ ಅನ್ನುವವರೂ ಸಿಗುತ್ತಾರೆ. ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ನಿಧಾನ ಹೋದಷ್ಟೂ ಪೆಟ್ಟಾಗುವುದಿಲ್ಲ ಅಂತಲೂ ನಂಬಿಕೊಳ್ಳಬೇಡಿ. ಒಂದು ವಾರದಿಂದ ಇನ್ನೊಂದಕ್ಕೆ ಓಟವನ್ನು ಶೇಕಡಾ 10ಕ್ಕಿಂತ ಜಾಸ್ತಿ ಏರಿಸಬಾರದು ಅನ್ನುವ ನಿಯಮ ಕೇಳಿರುತ್ತೀರಿ. 2008ರಲ್ಲಿ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಪ್ರಕಟವಾಯಿತು. ಹೊಸ ಓಟಗಾರರಲ್ಲಿ ಒಂದು ಗುಂಪಿಗೆ 8 ವಾರದ ಪ್ಲಾನ್, ಇನ್ನೊಂದಕ್ಕೆ ಆ ನಿಯಮದ ಪ್ರಕಾರ ಮಾಡಿದ 13 ವಾರದ ಪ್ಲಾನ್. ಎರಡರಲ್ಲೂ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಪೆಟ್ಟಾಯಿತು. ಅಂದರೆ ಪಟ್ಟಿಯನ್ನು ಸುಮ್ನೆ ಉದ್ದ ಮಾಡಿದರೆ ಸಾಲದು. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಮೂಳೆ ಮತ್ತು ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು) ಗಟ್ಟಿಯಾಗಲು ತಿಂಗಳುಗಳು ಬೇಕು. ದಮ್ಮು ಇದೆ ಅಂತ ಕಾಲನ್ನು ಎಳೆದುಕೊಂಡು ಹೋದಾಗಲೇ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಉದ್ದಕ್ಕೂ ನೋವು ಶುರುವಾಗುವುದು. ಬೆರಳಿಂದ ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನನ್ನ ಆಯ್ಕೆ ಕೇಳಿದರೆ, ಮೊದಲ ಎರಡು ತಿಂಗಳು ಓಟ-ನಡಿಗೆ. ನಿಲ್ಲದೆ ಓಡುವ ಆಸೆ ಇದ್ದರೆ ಆಮೇಲೆ ಕೌಚ್ ಟು ಫೈವ್‌ಕೆಯನ್ನು ನಡುವಿನಿಂದ ಹಿಡಿದುಕೊಳ್ಳಿ. ಐದನೇ ವಾರ ಆಗ ಅಷ್ಟು ಹೆದರಿಸುವುದಿಲ್ಲ.

ನಿಧಾನ ಅಂದರೆ ಎಷ್ಟು ನಿಧಾನ ಅಂತ ಅಳೆಯಲು ಹೃದಯ ಬಡಿತ ತೋರಿಸುವ ವಾಚ್ ಮತ್ತು ಎದೆಗೆ ಕಟ್ಟುವ ಪಟ್ಟಿ ಎರಡನ್ನೂ ಬಳಸಿದ್ದೇನೆ. ವಾಚ್ ಹಸಿರು ಬೆಳಕು ಬಿಟ್ಟು ಚರ್ಮದ ಕೆಳಗಿನ ರಕ್ತದ ಹರಿವು ನೋಡುತ್ತದೆ, ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಆರಾಮಾಗಿ ಮಾತಾಡಿಕೊಂಡು ಓಡುವಾಗ ವಾಚ್ 165 ತೋರಿಸುತ್ತಿದ್ದರೆ ಗಾಬರಿ ಬೇಡ, ನಿಮ್ಮ ಹೆಜ್ಜೆ ಎಣಿಸಿ ನೋಡಿ. ನಿಮಿಷಕ್ಕೆ ಅದೂ 165ರ ಸುಮಾರು ಇದ್ದರೆ ವಾಚ್ ಹೃದಯ ಬಿಟ್ಟು ಹೆಜ್ಜೆಯ ಲಯ ಹಿಡಿದಿದೆ ಅಂತ ಅರ್ಥ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಸರಿಸಿ ಬಿಗಿಯಾಗಿ ಕಟ್ಟಿದರೆ ಬಹಳಷ್ಟು ಸರಿಹೋಗುತ್ತದೆ. ಪಟ್ಟಿಯಲ್ಲಿ ಈ ಕಾಟ ಇಲ್ಲ, ಆದರೆ ಅದರ ಒಳಭಾಗವನ್ನು ಒದ್ದೆ ಮಾಡಿಕೊಂಡೇ ಕಟ್ಟಬೇಕು. ನಿಖರ ಬೇಕಾದರೆ ಪಟ್ಟಿಯೇ. ಆದರೆ ಹೊಸಬರಿಗೆ ಎರಡೂ ಬೇಕಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೃದಯದ ಗರಿಷ್ಠ ಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಸರಾಸರಿಯದು, ಒಬ್ಬೊಬ್ಬರಲ್ಲಿ ಹತ್ತು-ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು. ಓಡುತ್ತಾ ಒಂದು ಪೂರ್ತಿ ವಾಕ್ಯ ತಡವರಿಸದೆ ಹೇಳಲು ಆಗುತ್ತಿದೆಯಾ, ವೇಗ ಸರಿಯಿದೆ. ಎರಡೆರಡು ಪದಕ್ಕೆ ಉಸಿರು ಬೇಕಾಗುತ್ತಿದೆಯಾ, ಜಾಸ್ತಿ ಆಯಿತು.

ಈಗ ಶೂ. ದಪ್ಪ ಮೆತ್ತೆಯ, ಹಿಮ್ಮಡಿ ಕಡೆ ಮುಂಭಾಗಕ್ಕಿಂತ 8-10 ಮಿಲಿಮೀಟರ್ ಎತ್ತರ ಇರುವುದು ಒಂದು, ತೆಳ್ಳಗೆ ಹೆಚ್ಚುಕಮ್ಮಿ ಚಪ್ಪಟೆಯಾಗಿರುವುದು ಇನ್ನೊಂದು. ಚಪ್ಪಟೆ ಶೂನಲ್ಲಿ ನೆಲ ಚೆನ್ನಾಗಿ ತಿಳಿಯುತ್ತದೆ, ಕಾಲು ಹಗುರ ಅನ್ನಿಸುತ್ತದೆ. ಆದರೆ ಹೊರೆ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ಅಕಿಲಿಸ್ ಟೆಂಡನ್‌ಗೂ ಹೋಗುತ್ತದೆ. ಮಾರನೇ ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಅದು ಗೊತ್ತಾಗುತ್ತದೆ. ದಪ್ಪ ಶೂ ಮೀನಖಂಡಕ್ಕೆ ದಯೆ ತೋರಿಸುತ್ತದೆ, ಏರುಪೇರಾದ ನೆಲದಲ್ಲಿ ಮಾತ್ರ ಸ್ವಲ್ಪ ವಾಲುತ್ತದೆ. ಶುರುವಿಗೆ ನಾನು ದಪ್ಪದ್ದನ್ನೇ ಹೇಳುವುದು. ಆದರೆ ಅದಕ್ಕಿಂತ ಮುಖ್ಯ ಅಳತೆ. ದೊಡ್ಡ ಬೆರಳಿನ ಮುಂದೆ ಹೆಬ್ಬೆಟ್ಟಿನ ಅಗಲದಷ್ಟು ಜಾಗ ಇರಬೇಕು, ಸಂಜೆ ಹೊತ್ತು ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಬೇಕು. ಹಿಮ್ಮಡಿ ಜಾರುತ್ತಿದ್ದರೆ ಮೇಲೆ ಒಂದು ತೂತು ಸುಮ್ನೆ ಖಾಲಿ ಇರುತ್ತದಲ್ಲ, ಅದಕ್ಕೇ ಅದು ಇರುವುದು. ಲೇಸನ್ನು ಅದೇ ಬದಿಯ ಕೆಳಗಿನ ತೂತಿನಿಂದ ಆ ತೂತಿಗೆ ಹಾಕಿ ಒಂದು ಕುಣಿಕೆ ಮಾಡಿ, ಎರಡೂ ಬದಿ ಹೀಗೆ ಮಾಡಿ, ಲೇಸನ್ನು ಎದುರಿನ ಕುಣಿಕೆಯೊಳಗೆ ತೂರಿಸಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲೇ ಕೂರುತ್ತದೆ. ಸಾಮಾನ್ಯವಾಗಿ ಒಂದು ಜೊತೆ 500ರಿಂದ 800 ಕಿಲೋಮೀಟರ್ ಬಾಳುತ್ತದೆ.

ಕಾಲುಚೀಲದಲ್ಲಿ ಹೋಲಿಕೆಯೇ ಬೇಡ. ಹತ್ತಿಯದು ಬೆವರು ಹೀರಿಕೊಂಡು ಒದ್ದೆಯಾಗಿಯೇ ಇದ್ದು ಗುಳ್ಳೆ ಏಳಿಸುತ್ತದೆ, ಸಿಂಥೆಟಿಕ್ ತಗೊಳ್ಳಿ.

ಟ್ರೆಡ್‌ಮಿಲ್ಲೋ ರಸ್ತೆಯೋ ಅನ್ನುವುದಕ್ಕೆ, ಯಾವುದು ಹತ್ತಿರ ಇದೆಯೋ ಅದು. ಟ್ರೆಡ್‌ಮಿಲ್‌ನಲ್ಲಿ ವೇಗ ತಾನಾಗಿ ಏರುವುದಿಲ್ಲ, ಹೊಸಬರಿಗೆ ಅದು ಒಳ್ಳೆಯದೇ. ಶೇಕಡಾ 1ರಷ್ಟು ಏರು ಇಡಲೇಬೇಕು ಅಂತ ಹೇಳುವವರಿದ್ದಾರೆ. ಅದು 1996ರ ಒಂದು ಅಧ್ಯಯನದಿಂದ ಬಂದದ್ದು, ಹೊರಗೆ ಓಡುವಾಗಿನ ಗಾಳಿಯ ತಡೆಗೆ ಸರಿದೂಗಿಸಲು. ಅಲ್ಲಿ ಓಡಿದವರು ವೇಗದ ಓಟಗಾರರು. ನಮ್ಮ ವೇಗಕ್ಕೆ ಗಾಳಿಯ ತಡೆ ತೀರಾ ಕಮ್ಮಿ, ಸೊನ್ನೆಯಲ್ಲೇ ಇಟ್ಟು ಓಡಿ.