ಉರಿಮೂತ್ರ ಅಂದ್ರೆ ಬರೀ "ಉಷ್ಣ" ಅಲ್ಲ ಮಾರಾಯ್ರೆ, ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ

ಉರಿಮೂತ್ರದ ಸೋಂಕು ಕಿಡ್ನಿಗೆ ಹತ್ತಿ ಆಸ್ಪತ್ರೆ ಸೇರಿದ್ದೆ, ಮನೆಗೆ ಬಂದು ಮೂರು ವಾರ ಆಯ್ತು, ಸೂಜಿ ಚುಚ್ಚಿದ ಕಡೆ ನೀಲಿ ಕಲೆ ಇನ್ನೂ ಹೋಗ್ಲಿಲ್ಲ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯಿಂದ ದಿನಾ ಮುಂಬಯಿಯ ಲೋಕಲ್ ಟ್ರೈನ್‌ನಲ್ಲಿ ಓಡಾಡುವ ನಮ್ಮ ಹೆಂಗಸರು ಇದನ್ನು ಪೂರ್ತಿ ಓದಿ, ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡ್ಬೇಡಿ.

ನನ್ನ ಆಫೀಸು ಫೋರ್ಟ್‌ನಲ್ಲಿ. ಡೊಂಬಿವಲಿಯಲ್ಲಿ ಫಾಸ್ಟ್ ಹತ್ತಿದ್ರೂ ಸಿಎಸ್‌ಎಂಟಿ ಸ್ಟೇಷನ್ನಿಗೆ ಒಂದೂಕಾಲು ಗಂಟೆ, ಲೋಕಲ್‌ನಲ್ಲಿ ಟಾಯ್ಲೆಟ್ ಇಲ್ಲ, ಸ್ಟೇಷನ್ನಿನದ್ದಕ್ಕೆ ಹೋಗುವ ಧೈರ್ಯ ನಂಗಿಲ್ಲ, ಹಾಗಾಗಿ ಮನೆ ಬಿಡುವ ಮೊದಲು ನೀರೇ ಕುಡಿಯುದಿಲ್ಲ, ಸಂಜೆ ನಾಲ್ಕರ ಮೇಲೆ ಆಫೀಸಲ್ಲೂ ಇಲ್ಲ. ಹದಿನೈದು ವರ್ಷದ ಅಭ್ಯಾಸ. ಸೋಂಕು ಇದೊಂದರಿಂದಲೇ ಬಂತು ಅಂತ ಡಾಕ್ಟ್ರು ಹೇಳ್ಲಿಲ್ಲ. ಹೆಂಗಸರಿಗೆ ಮೂತ್ರದ ದಾರಿ ಗಿಡ್ಡ, ಕರುಳಲ್ಲಿರುವ ಇ.ಕೋಲಿ ಅನ್ನುವ ಬ್ಯಾಕ್ಟೀರಿಯಾ ಸುಲಭದಲ್ಲಿ ಮೇಲೆ ಹತ್ತುತ್ತದೆ, ನೀರು ಕುಡಿಯದೆ ಗಂಟೆಗಟ್ಲೆ ತಡೆದಿಟ್ರೆ ಅದು ತೊಳೆದು ಹೋಗುದಿಲ್ಲ ಅಂದ್ರು, ಅಷ್ಟೇ.

ಜೂನ್ ಕೊನೆಗೆ ಉರಿ ಶುರುವಾಯ್ತು. ಹತ್ತು ನಿಮಿಷಕ್ಕೊಮ್ಮೆ ಹೋಗ್ಬೇಕು ಅಂತ ಆಗುದು, ಹೋದ್ರೆ ನಾಲ್ಕು ಹನಿ. ಅತ್ತೆ "ಉಷ್ಣ ಆಗಿದೆ ನಿಂಗೆ" ಅಂತ ಕೊತ್ತಂಬರಿ ಜೀರಿಗೆ ಕಷಾಯ ಮಾಡಿ ಕೊಟ್ರು. ಮೆಡಿಕಲ್‌ನವನ ಹತ್ರ ಹೋದ್ರೆ ಅವನೂ ಅದೇ, "ಉಷ್ಣತಾ ಝಾಲೀಯ್ ತಾಈ"! ಊರು ಬೇರೆ ಭಾಷೆ ಬೇರೆ, ರೋಗ ಮಾತ್ರ ಎಲ್ಲರಿಗೂ ಉಷ್ಣ. ಅವನು ಫ್ಲಾಕ್ಸಾಸಿನ್ ಅಂತ ಹೆಸರು ಮುಗಿಯುವ ಒಂದು ಆಂಟಿಬಯೋಟಿಕ್ ಮಾತ್ರೆ ಸ್ಟ್ರಿಪ್, ಜೊತೆಗೆ ಮೂತ್ರದ ಹುಳಿ ಕಮ್ಮಿ ಮಾಡುವ ಸಿರಪ್ ಕೊಟ್ಟ. ಚೀಟಿ ಕೇಳ್ಲಿಲ್ಲ, ನಾನೂ ತೋರಿಸ್ಲಿಲ್ಲ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇತ್ತು, ಡಾಕ್ಟ್ರು ಬರೆಯದೆ ತಗೊಳ್ಬೇಡಿ ಅಂತ ಅದರ ಅರ್ಥ ಅಂತ ನಂಗೆ ಗೊತ್ತಾದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. 2014ರಿಂದ ಶೆಡ್ಯೂಲ್ ಎಚ್1 ಅಂತ ನಿಯಮವೇ ಉಂಟಂತೆ, ಕೆಲವು ಆಂಟಿಬಯೋಟಿಕ್ ಮಾರಿದ್ರೆ ಬರೆದ ಡಾಕ್ಟ್ರ ಹೆಸರು, ಪೇಶಂಟ್ ಹೆಸರು ಎಲ್ಲ ಅಂಗಡಿಯವನು ಪುಸ್ತಕದಲ್ಲಿ ಬರೆದಿಡ್ಬೇಕು.

ಎರಡು ದಿನಕ್ಕೆ ಉರಿ ಹೋಯ್ತು, ಮೂರನೇ ದಿನ ನಾನು ಮಾತ್ರೆ ಬಿಟ್ಟೆ. ಮೂರು ವಾರ ಕಳೆದು ಪುನಃ ಬಂದಾಗ ಡಬ್ಬಿಯಲ್ಲಿ ಉಳಿದಿದ್ದ ನಾಲ್ಕು ಮಾತ್ರೆ ನುಂಗಿದೆ, ಸಿರಪ್ ಕುಡಿದೆ. ಸಿರಪ್ಪಿಗೆ ಉರಿ ಕಮ್ಮಿ ಆಗ್ತದೆ, ಬ್ಯಾಕ್ಟೀರಿಯಾ ಸಾಯುದಿಲ್ಲ. ಉರಿ ಇಲ್ಲ ಅಂದ್ಮೇಲೆ ರೋಗವೂ ಇಲ್ಲ ಅಂದುಕೊಂಡದ್ದೇ ನನ್ನ ದೊಡ್ಡ ದಡ್ಡತನ.

ಆಮೇಲೆ ಒಂದು ಸಂಜೆ ಘಾಟ್‌ಕೋಪರ್ ದಾಟುವಾಗ ಲೇಡೀಸ್ ಡಬ್ಬಿಯಲ್ಲಿ ಆ ಗರ್ದಿಯಲ್ಲಿ ನಿಂತಲ್ಲೇ ಹಲ್ಲು ಕಟಕಟ ಅನ್ನುವಷ್ಟು ನಡುಕ ಬಂತು, ಪಕ್ಕದವಳು ತನ್ನ ದುಪಟ್ಟಾ ಹೊದಿಸಿ ಸೀಟು ಬಿಟ್ಟುಕೊಟ್ಲು, ಮನೆಗೆ ಬಂದು ನೋಡಿದ್ರೆ 103 ಜ್ವರ. ಬಲಗಡೆ ಪಕ್ಕೆಲುಬಿನ ಕೆಳಗೆ ಬೆನ್ನಲ್ಲಿ ಒಳಗಿಂದ ಹಿಂಡಿದ ಹಾಗೆ ನೋವು, ವಾಂತಿ. ಮುಂಬಯಿಯಲ್ಲಿ ಮಳೆಗಾಲದ ಜ್ವರ ಅಂದ್ರೆ ಮಲೇರಿಯಾ, ಡೆಂಗ್ಯೂ, ಮತ್ತೊಂದು ಯೋಚನೆಯೇ ಇಲ್ಲ. ನಮ್ಮ ಗಲ್ಲಿಯ ಡಾಕ್ಟ್ರು ಪ್ಲೇಟ್‌ಲೆಟ್ ನೋಡಿದ್ರು, ಮಲೇರಿಯಾ ನೋಡಿದ್ರು, ಎಲ್ಲ ನೆಗೆಟಿವ್, ವೈರಲ್ ಅಂತ ಹೇಳಿ ಬೆನ್ನು ನೋವಿಗೆ ಎರಡು ದಿನ ಪೇನ್‌ಕಿಲ್ಲರ್ ಇಂಜೆಕ್ಷನ್ ಚುಚ್ಚಿದ್ರು. ಉರಿಮೂತ್ರದ ಕಥೆ ಅವ್ರು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ, ಅದು ನನ್ನ ತಪ್ಪೇ, ಪಕ್ಕದಲ್ಲಿ ಮಾವ ಕೂತಿದ್ರು, ನಾಚಿಕೆ.

ಮೂರನೇ ದಿನ ಹತ್ತಿರದ ಒಂದು ನರ್ಸಿಂಗ್ ಹೋಂನಲ್ಲಿ ಅಡ್ಮಿಟ್. ಯೂರಿನ್ ರೂಟೀನ್ ಮಾಡಿದ್ರು, ಪಸ್ ಸೆಲ್ಸ್ (ಕೀವಿನ ಕಣ) ತುಂಬಾ ಅಂತ ಬಂತು, ಸೆಫ್‌ಟ್ರಯಾಕ್ಸೋನ್ ಅಂತ ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದ್ರು. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಮದ್ದು ನಾಟ್ತದೆ ಅಂತ ಬೆಳೆಸಿ ನೋಡುವ ಕಲ್ಚರ್ ಟೆಸ್ಟಿಗೆ ಕಳಿಸ್ಲೇ ಇಲ್ಲ. ನಮ್ಮ ಯಜಮಾನ್ರು ಕೇಳಿದ್ದಕ್ಕೆ "ರಿಪೋರ್ಟ್ ಬರ್ಲಿಕ್ಕೆ ಮೂರು ದಿನ ಬೇಕು, ಅಷ್ಟರಲ್ಲಿ ಗುಣ ಆಗ್ತದೆ" ಅಂದ್ರಂತೆ. ಮೂರು ದಿನ ಕಳೀತು, ಜ್ವರ ಇಳಿಯಲಿಲ್ಲ, ಕಿಡ್ನಿ ಕೆಲಸ ಕಮ್ಮಿಯಾದ್ರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮಾತ್ರ 2.3ಕ್ಕೆ ಏರಿತು, ನಮ್ಮಂಥವರಿಗೆ ಅದು 1ರ ಆಸುಪಾಸು ಇರ್ಬೇಕು. ಆಗ ಇವರು ಯಾರ ಮಾತೂ ಕೇಳದೆ ಡಿಸ್ಚಾರ್ಜ್ ಮಾಡಿಸಿ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದ್ರು.

ಅಲ್ಲಿಯ ಕಿಡ್ನಿ ಡಾಕ್ಟ್ರು ಬಂದವರೇ ನನ್ನನ್ನು ಕೂರಿಸಿ ಬೆನ್ನಿಗೆ ಮುಷ್ಟಿಯಿಂದ ಮೆಲ್ಲ ಒಂದು ಗುದ್ದು ಕೊಟ್ರು. ಎಡಗಡೆ ಏನಿಲ್ಲ, ಬಲಗಡೆ ಗುದ್ದಿದಾಗ ನಾನು ಕಿರುಚಿದ್ದು ವಾರ್ಡಿಗೆಲ್ಲ ಕೇಳಿರ್ಬೇಕು. ಅಷ್ಟು ದಿನದಲ್ಲಿ ಒಬ್ರೂ ನನ್ನ ಬೆನ್ನು ಮುಟ್ಟಿ ನೋಡಿರ್ಲಿಲ್ಲ. ಪೈಲೋನೆಫ್ರೈಟಿಸ್, ಅಂದ್ರೆ ಸೋಂಕು ಮೂತ್ರಕೋಶದಿಂದ ಹತ್ತಿ ಕಿಡ್ನಿಗೆ ಹೋಗಿದೆ. ವಾಂತಿಯಾಗಿ ಮೈಯಲ್ಲಿ ನೀರಿಲ್ಲದಾಗ ಆ ಪೇನ್‌ಕಿಲ್ಲರ್ ಬೇರೆ ಕಿಡ್ನಿಗೆ ಪೆಟ್ಟು ಕೊಟ್ಟಿರ್ಬಹುದು ಅಂದ್ರು. ಸೋನೋಗ್ರಫಿಯಲ್ಲಿ ಕಲ್ಲು ಇಲ್ಲ, ಪಸ್ ಕಟ್ಟಿಲ್ಲ, ದೇವರ ದಯೆ. ಕಲ್ಲು ಅಡ್ಡ ನಿಂತು ಮೂತ್ರ ಕಟ್ಟಿ ಒಳಗೆ ಸೋಂಕೂ ಆದ್ರೆ ಅದು ತುರ್ತು ಕೇಸ್, ಮೊದಲು ಟ್ಯೂಬ್ ಹಾಕಿ ಹರಿಸ್ಬೇಕಂತೆ, ಬರೀ ಮದ್ದು ಸಾಕಾಗುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೂ ಕಿಡ್ನಿ ಸೋಂಕು ಬೇಗ ಕೆಡ್ತದೆ.

ಹೊಸ ಇಂಜೆಕ್ಷನ್ ಹಾಕುವ ಮೊದಲೇ ಮೂತ್ರ, ರಕ್ತ ಎರಡರದ್ದೂ ಕಲ್ಚರ್ ತೆಗೆದ್ರು. ಸಿಸ್ಟರ್ ಮೊದಲು ಸ್ವಲ್ಪ ಬಿಟ್ಟು ನಡುವಿನದ್ದು ಹಿಡಿರಿ ಅಂತ ಬಿಡಿಸಿ ಹೇಳಿ, ಡಬ್ಬಿಯನ್ನು ಆಗಲೇ ಲ್ಯಾಬಿಗೆ ಕಳಿಸಿದ್ರು, ಹೊರಗಿಟ್ಟು ಗಂಟೆಗಟ್ಲೆ ಬಿಟ್ರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ರಿಪೋರ್ಟ್ ಹಾಳು. ಬಂದದ್ದು ಇಎಸ್‌ಬಿಎಲ್ ಇ.ಕೋಲಿ. ಸೆಫ್‌ಟ್ರಯಾಕ್ಸೋನ್ ಜಾತಿಯ ಮದ್ದನ್ನೇ ಒಡೆದು ಹಾಕುವ ಬ್ಯಾಕ್ಟೀರಿಯಾ ಇದು, ಮೆಡಿಕಲ್‌ನವ ಕೊಟ್ಟ ಫ್ಲಾಕ್ಸಾಸಿನ್ನೂ ಅದಕ್ಕೆ ನಾಟುದಿಲ್ಲ. ಅಂದ್ರೆ ನರ್ಸಿಂಗ್ ಹೋಂನಲ್ಲಿ ಮೂರು ದಿನ ನಂಗೆ ಹಾಕಿದ್ದು ದುಡ್ಡು ಕೊಟ್ಟ ನೀರು.

ರಿಪೋರ್ಟ್‌ನಲ್ಲಿ ನೈಟ್ರೋಫ್ಯುರಾಂಟಾಯಿನ್ ಮಾತ್ರೆಯ ಮುಂದೆ "ಎಸ್" (ಸೆನ್ಸಿಟಿವ್, ಅಂದ್ರೆ ಆ ಮದ್ದು ನಾಟ್ತದೆ) ಅಂತ ಇತ್ತು, ಮಾತ್ರೆ ಸಿಗುವಾಗ ಇಂಜೆಕ್ಷನ್ ಯಾಕೆ ಅಂತ ನಾನು ಕೇಳಿದೆ, ಬಿಲ್ಲಿನ ಭಯ. ಅದು ಮೂತ್ರಕೋಶದ ಸೋಂಕಿಗೆ ಒಳ್ಳೇ ಮದ್ದು, ಕಿಡ್ನಿಯ ಒಳಗೆ ಬೇಕಾದಷ್ಟು ತಲುಪುದಿಲ್ಲ ಅಂದ್ರು. ಹಾಗಾಗಿ ರಿಪೋರ್ಟ್ ಹಿಡ್ಕೊಂಡು "ಎಸ್" ನೋಡಿ ನೀವೇ ಮಾತ್ರೆ ತರ್ಲಿಕ್ಕೆ ಹೋಗ್ಬೇಡಿ. ನಂಗೆ ಮೆರೋಪೆನೆಮ್ ಇಂಜೆಕ್ಷನ್ ಹಾಕಿದ್ರು, ಎರಡು ದಿನದಲ್ಲಿ ಜ್ವರ ಬಿಟ್ಟಿತು, ಆಮೇಲೆ ಮನೆಯಿಂದ ಹೋಗಿ ದಿನಕ್ಕೊಂದು ಅರ್ಟಾಪೆನೆಮ್ ಇಂಜೆಕ್ಷನ್, ಒಟ್ಟು ಹತ್ತು ದಿನ. ಖರ್ಚು ಒಂದೂವರೆ ಲಕ್ಷದ ಹತ್ರ. ಕ್ರಿಯಾಟಿನಿನ್ ಈಗ 1.0.

ಉರಿ ಒಂದೇ ಇದ್ರೆ ಡಾಕ್ಟ್ರ ಹತ್ರ ಹೋಗಿ, ಮೊದಲ ಮಾತ್ರೆ ನುಂಗುವ ಮೊದಲು ಕಲ್ಚರ್‌ಗೆ ಕೊಡ್ಬೇಕಾ ಅಂತ ಬಾಯಿ ಬಿಟ್ಟು ಕೇಳಿ, ಪದೇ ಪದೇ ಬರುವವರಂತೂ ಕೇಳ್ಲೇಬೇಕು. ಉರಿಯ ಜೊತೆ ನಡುಕದ ಜ್ವರ, ಒಂದು ಬದಿ ಬೆನ್ನು ನೋವು, ವಾಂತಿ ಇದ್ರೆ ಕಷಾಯ ಕುಡಿದು ಬೆಳಿಗ್ಗೆ ನೋಡುವ ಅಂತ ಕೂರ್ಬೇಡಿ, ಬಸುರಿಯರಂತೂ ಕೂರ್ಲೇಬೇಡಿ.

ನನ್ನ ಅವಸ್ಥೆ ನೋಡಿ ಹೆದರಿ ಅತ್ತೆಯೂ ಮೊನ್ನೆ ಯಾರಿಗೂ ಹೇಳದೆ ಕಲ್ಚರ್ ಮಾಡಿಸಿ ಬಂದ್ರು, ಬ್ಯಾಕ್ಟೀರಿಯಾ ಉಂಟು ಅಂತ ಬಂತು. ಉರಿ ಇಲ್ಲ, ಜ್ವರ ಇಲ್ಲ, ಏನೂ ಇಲ್ಲ. ಡಾಕ್ಟ್ರು ಮದ್ದೇ ಕೊಡ್ಲಿಲ್ಲ, ತೊಂದರೆ ಇಲ್ಲದಿದ್ರೆ ಸುಮ್ನೆ ಬಿಡ್ಬೇಕು, ಬಸುರಿಯಾದ್ರೆ ಕೊಡ್ತಿದ್ದೆ ಅಂದ್ರಂತೆ. ಎಪ್ಪತ್ತೊಂದರ ಅತ್ತೆ ಮೂರು ದಿನದಿಂದ "ನನ್ನ ಹತ್ರ ಎಂತ ಮಾತಾಡ್ತಾನೆ ಅವ" ಅಂತ ಉರೀತಾ ಇದ್ದಾರೆ.