ಊಹಿಸಿ ಓದುವುದನ್ನು ಕಲಿಸುವ ಇಂಗ್ಲಿಷ್ ಶಿಬಿರ: ಒಬ್ಬ ಪೋಷಕರ ಅಭಿಪ್ರಾಯ

ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗಾಗಿ ನಮ್ಮ ಬಡಾವಣೆಯಲ್ಲಿ ಬೇಸಿಗೆ ರಜೆಯಲ್ಲಿ ನಡೆದ ಇಂಗ್ಲಿಷ್ ಓದಿನ ಶಿಬಿರಕ್ಕೆ ಮಗಳನ್ನು ಸೇರಿಸಿದ್ದೆ. ಗೊತ್ತಿಲ್ಲದ ಪದ ಎದುರಾದ ಕೂಡಲೇ ನಿಘಂಟಿಗೋ ಮೊಬೈಲಿಗೋ ಕೈಹಾಕದೆ, ಸಂದರ್ಭದಿಂದಲೇ ಅರ್ಥವನ್ನು ಊಹಿಸಲು ಕಲಿಸುವುದು ಇದರ ಉದ್ದೇಶ.

ಪಾಠದ ಕ್ರಮ ಅಚ್ಚುಕಟ್ಟಾಗಿದೆ. ಮೊದಲು ಆ ಪದ ನಾಮಪದವೋ ಕ್ರಿಯಾಪದವೋ ಗುಣವಾಚಕವೋ ಎಂದು ಗುರುತಿಸಬೇಕು. ಬಳಿಕ ಅಕ್ಕಪಕ್ಕದ ಪದಗಳನ್ನೂ ‘ಬಟ್’, ‘ಬಿಕಾಸ್’ ಮುಂತಾದ ಕೊಂಡಿಗಳನ್ನೂ ಗಮನಿಸಿ ಊಹಿಸಬೇಕು. ಆ ಅರ್ಥವನ್ನು ವಾಕ್ಯದಲ್ಲಿಟ್ಟು ಪರೀಕ್ಷಿಸಬೇಕು. ‘ದ ಸಾಯಿಲ್ ವಾಸ್ ಪಾರ್ಚ್ಡ್ ಬಿಕಾಸ್ ಇಟ್ ಹ್ಯಾಡ್ ನಾಟ್ ರೇನ್ಡ್ ಫಾರ್ ಮಂತ್ಸ್’ (ತಿಂಗಳುಗಟ್ಟಲೆ ಮಳೆ ಬಾರದ್ದರಿಂದ ಮಣ್ಣು ‘ಪಾರ್ಚ್ಡ್’ ಆಗಿತ್ತು) ಎಂಬ ವಾಕ್ಯದ ‘ಪಾರ್ಚ್ಡ್’ ಪದಕ್ಕೆ ಮಕ್ಕಳು ಮೊದಲು ‘ಕಪ್ಪಾದ’ ಎಂದರು. ಶಿಕ್ಷಕಿ ತಿದ್ದಲು ಹೋಗದೆ, ‘ಬಿಕಾಸ್’ ಆದ ಮೇಲೆ ಏನಿದೆ ನೋಡಿ ಎಂದಷ್ಟೇ ಹೇಳಿದಾಗ ‘ಒಣಗಿದ’, ‘ಬಿರುಕುಬಿಟ್ಟ’ ಎಂಬ ಉತ್ತರಗಳು ಬಂದವು. ಎರಡನ್ನೂ ಅವರು ಒಪ್ಪಿಕೊಂಡದ್ದು ನನಗೆ ಹಿಡಿಸಿತು. ಓದು ಮುಂದೆ ಸಾಗಲು ಅಷ್ಟು ಸಾಕಲ್ಲವೇ?

ಆದರೆ ಪಠ್ಯಗಳ ಆಯ್ಕೆ ನಿರಾಸೆ ಮೂಡಿಸಿತು. ಊಹೆ ಫಲಿಸಬೇಕಾದರೆ ಸುತ್ತಲಿನ ಶೇ. 95ರಿಂದ 98ರಷ್ಟು ಪದಗಳು, ಅಂದರೆ ಇಪ್ಪತ್ತಕ್ಕೋ ಐವತ್ತಕ್ಕೋ ಒಂದನ್ನು ಬಿಟ್ಟು ಮಿಕ್ಕೆಲ್ಲವೂ, ಓದುಗರಿಗೆ ತಿಳಿದಿರಬೇಕೆಂಬುದು ಈ ಕ್ಷೇತ್ರದ ಸಂಶೋಧಕರಲ್ಲಿ ಬಳಕೆಯಲ್ಲಿರುವ ಅಂದಾಜು. ಶಿಬಿರದ ಕೊನೆಯಲ್ಲಿ ಕೊಟ್ಟ ಪತ್ರಿಕಾ ಸಂಪಾದಕೀಯಗಳಲ್ಲಿ ಸಾಲಿಗೆ ಎರಡು ಅಪರಿಚಿತ ಪದಗಳಿದ್ದುದರಿಂದ ಮಕ್ಕಳ ಊಹೆ ಕತ್ತಲಲ್ಲಿ ಕಲ್ಲೆಸೆದಂತಾಯಿತು. ಶಾಲೆಯ ಇಂಗ್ಲಿಷ್ ಪಾಠಗಳನ್ನು ತಡವರಿಸದೆ ಓದಬಲ್ಲವರನ್ನು ಧಾರಾಳವಾಗಿ ಸೇರಿಸಬಹುದು. ಉಳಿದವರಿಗೆ ಈ ಶುಲ್ಕದಲ್ಲಿ ಸರಳ ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಡಿಸುವುದೇ ಮೇಲು.