ಕುಳಿತ ಅಳತೆ ತೆಗೆಯುವ ಮೊದಲು ಮುಂಗಡ ಕೊಡಬೇಡಿ: ಗಾಲಿಕುರ್ಚಿ ಬಳಸುವ ಮದುವಣಗಿತ್ತಿಯರಿಗೆ ಒಂದು ಎಚ್ಚರಿಕೆ

ಗಾಲಿಕುರ್ಚಿ ಬಳಸುವ ಹೆಣ್ಣುಮಕ್ಕಳು ಮತ್ತು ಅವರ ಮನೆಯವರು ಮದುವೆ ಬಟ್ಟೆ ತೆಗೆಯಲು ಹೊರಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ಹೆಸರುವಾಸಿ ಮಳಿಗೆಯೊಂದರಲ್ಲಿ ನನ್ನ ಧಾರೆ ಸೀರೆಯ ರವಿಕೆಗೆ ಮತ್ತು ಆರತಕ್ಷತೆಯ ಲೆಹೆಂಗಾಕ್ಕೆ ಕೊಟ್ಟ ಹಣ ಪೂರ್ತಿ ನಷ್ಟವಾಯಿತು. ಹಣದ ಮಾತು ಹಾಗಿರಲಿ, ಅಲ್ಲಿ ಹೊಲಿದುಕೊಟ್ಟ ಬಟ್ಟೆಯಿಂದ ಮೈಯಲ್ಲಿ ಹುಣ್ಣಾಗುವ ಸ್ಥಿತಿ ಬಂದು, ಮದುವೆಯ ಹಿಂದಿನ ದಿನಗಳನ್ನು ನಾನು ಹಾಸಿಗೆಯಲ್ಲಿ ಬೋರಲಾಗಿ ಮಲಗಿ ಕಳೆಯಬೇಕಾಯಿತು. ನನ್ನ ದೂರು ಇನ್ನೂ ಇತ್ಯರ್ಥವಾಗದ ಕಾರಣ ಮಳಿಗೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರಿಗಿಂತ ಅಲ್ಲಿ ವ್ಯವಹಾರ ಯಾವ ಕ್ರಮದಲ್ಲಿ ನಡೆಯಿತು ಎಂಬುದೇ ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ಭಾವನೆ.

ನನಗೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶಜ್ಞಾನವೂ ಇಲ್ಲ. ಕುರ್ಚಿಯನ್ನು ನಾನೇ ತಳ್ಳಿಕೊಂಡು ಓಡಾಡುತ್ತೇನೆ. ಹೋಗುವ ಮೊದಲೇ ಮಳಿಗೆಗೆ ಫೋನ್ ಮಾಡಿ, ಒಳಗೆ ಬರಲು ಇಳಿಜಾರು ಇದೆಯೇ, ಮಹಡಿಗೆ ಲಿಫ್ಟ್ ಇದೆಯೇ ಎಂದು ಕೇಳಿದ್ದೆ. “ಎಲ್ಲಾ ಇದೆ ಮೇಡಂ, ಆರಾಮಾಗಿ ಬನ್ನಿ” ಎಂಬ ಉತ್ತರ ಬಂತು. ಹೋಗಿ ನೋಡಿದರೆ, ಇಳಿಜಾರು ಎಂದರೆ ಸಿಬ್ಬಂದಿಯ ಸ್ಕೂಟರ್‌ಗಳನ್ನು ಒಳಗೆ ಹತ್ತಿಸಲು ಇಟ್ಟಿದ್ದ ಕಬ್ಬಿಣದ ಹಲಗೆ. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತವಾದ ಲೆಕ್ಕ ಒಂದಕ್ಕೆ ಹನ್ನೆರಡು, ಅಂದರೆ ಅರ್ಧ ಅಡಿ ಎತ್ತರದ ಮೆಟ್ಟಿಲಿಗೆ 6 ಅಡಿ ಉದ್ದದ ಇಳಿಜಾರು ಬೇಕು. ಆ ಹಲಗೆ ಅದರ ಮೂರನೇ ಒಂದು ಭಾಗದಷ್ಟೂ ಇರಲಿಲ್ಲ. ಲಿಫ್ಟ್ ಇದ್ದದ್ದು ನಿಜ, ಆದರೆ ಅದು ಆರಂಭವಾಗುವುದೇ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ. ಸಿಬ್ಬಂದಿಯ ಹುಡುಗರು ನನ್ನನ್ನು ಕುರ್ಚಿಸಮೇತ ಎತ್ತಿಕೊಂಡು ಹೋದರು. ಅವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಎಲ್ಲಿ ಹಿಡಿಯಬೇಕೆಂದು ನನ್ನನ್ನು ಕೇಳದೆ, ಕಳಚಿ ಬರುವ ಕಾಲುಹಲಗೆಯನ್ನೇ ಹಿಡಿದು ಎತ್ತಿದ್ದರಿಂದ ನಾನು ಮುಂದಕ್ಕೆ ಜಾರಿ ಬೀಳುವುದರಲ್ಲಿದ್ದೆ.

ರೇಷ್ಮೆ ಸೀರೆಯ ವಿಭಾಗದಲ್ಲಿ ನೆಲಕ್ಕೆ ಬಿಳಿ ಬಟ್ಟೆ ಹೊದಿಸಿದ ಗಾದಿ ಹಾಸಿರುತ್ತಾರೆ, ಚಪ್ಪಲಿ ಬಿಟ್ಟು ಅದರ ಮೇಲೆ ಕುಳಿತು ಸೀರೆ ನೋಡಬೇಕು ಎಂಬುದು ನಮಗೆಲ್ಲ ಗೊತ್ತಿರುವ ಪದ್ಧತಿ. ಗಾಲಿಯಲ್ಲಿ ಧೂಳಿದೆ ಎಂದು ನನ್ನನ್ನು ಗಾದಿಯ ಅಂಚಿನಿಂದ ದೂರ, ದಾರಿಯಲ್ಲಿ ನಿಲ್ಲಿಸಿದರು. ಸೀರೆಗಳು ಬಿಚ್ಚಿಕೊಂಡದ್ದು ಅಮ್ಮನ ಮುಂದೆ. ಗಾಲಿಗೆ ಹಳೆಯ ಬಟ್ಟೆ ಸುತ್ತಿಕೊಳ್ಳುತ್ತೇನೆ ಅಥವಾ ಒಂದು ಮೇಜಿನ ಮೇಲೆ ಸೀರೆ ಹರಡಿ ತೋರಿಸಿ ಎಂದು ನಾನು ಹೇಳಿದ್ದಕ್ಕೆ ಮಾರಾಟಗಾರ ನನ್ನ ಕಡೆ ತಿರುಗದೆ ಅಮ್ಮನಿಗೇ ಹೇಳಿದ: “ಅಮ್ಮಾ, ಇವರಿಗೆ ಹಗುರದ್ದು ಸಾಕಲ್ವಾ? ಕೂತೇ ಇರ್ತಾರೆ, ನೆರಿಗೆ ಯಾರು ನೋಡ್ತಾರೆ?”

ಅಮ್ಮ ಸುಮ್ಮನಿರಲಿಲ್ಲ. “ಉಡೋದು ಅವಳು ಕಣಪ್ಪಾ, ಅವಳನ್ನೇ ಕೇಳು” ಎಂದರು. ಆದರೂ ಕೊನೆಯವರೆಗೂ ಬೆಲೆ, ಬಣ್ಣ, ಅಂಚು ಎಲ್ಲದರ ಮಾತೂ ಅಮ್ಮನ ಜೊತೆಗೇ ನಡೆಯಿತು. ಇದನ್ನು ನಾನು ಬರೀ ಅವಮಾನದ ವಿಷಯವೆಂದು ಬರೆಯುತ್ತಿಲ್ಲ. ಉಡುವವಳ ಜೊತೆ ಮಾತನಾಡದ ಅಂಗಡಿ ಅವಳ ಮೈ ಅಳತೆಯನ್ನೂ ಅವಳಿಂದ ಕೇಳುವುದಿಲ್ಲ. ಮುಂದೆ ಆದದ್ದಕ್ಕೆಲ್ಲ ಮೂಲ ಇಲ್ಲಿಯೇ ಇತ್ತು ಎಂದು ನಾನು ನಂಬಿದ್ದೇನೆ.

ಸೀರೆಯನ್ನು ನಾನೇ ಆರಿಸಿದೆ. ಅರಿಶಿನ ಬಣ್ಣದ ಒಡಲು, ಕೆಂಪು ಅಂಚಿನ ಕಾಂಚೀಪುರಂ. ಅಪ್ಪಟ ರೇಷ್ಮೆಯೆಂದು ಖಾತ್ರಿಪಡಿಸುವ ಸಿಲ್ಕ್ ಮಾರ್ಕ್ ಚೀಟಿ ಇತ್ತು, ಜರಿ ಚೆನ್ನಾಗಿತ್ತು, ಆ ಸೀರೆಯ ಬಗ್ಗೆ ನನ್ನ ದೂರಿಲ್ಲ. ತೊಂದರೆ ಹೊಲಿಗೆಯದು. ಮಳಿಗೆಯವರ ಪದ್ಧತಿಯಲ್ಲಿ ಸೀರೆ, ರವಿಕೆಯ ಆರಿ ಕೆಲಸ (ಕೊಕ್ಕೆ ಸೂಜಿಯ ಕಸೂತಿ) ಮತ್ತು ಲೆಹೆಂಗಾ ಮೂರಕ್ಕೂ ಒಂದೇ ಬಿಲ್ ಮಾಡಿ ಮುಂಗಡ ಕಟ್ಟಿಸಿಕೊಂಡ ಮೇಲೆಯೇ ಹೊಲಿಗೆ ವಿಭಾಗಕ್ಕೆ ಕಳುಹಿಸುತ್ತಾರೆ. ಅಲ್ಲಿಗೆ ಹೋದಾಗ, ಬಟ್ಟೆ ಹಾಕಿ ನೋಡುವ ಕೋಣೆಯ ಬಾಗಿಲು ಎರಡು ಅಡಿ ಅಗಲ ಇದ್ದುದರಿಂದ ಕುರ್ಚಿ ಒಳಗೆ ಹೋಗಲಿಲ್ಲ. ಕೇಂದ್ರ ಸರ್ಕಾರದ 2021ರ ಸುಗಮ್ಯತೆ (ಅಂದರೆ ಅಂಗವಿಕಲರೂ ತಡೆಯಿಲ್ಲದೆ ಬಳಸುವಂತೆ ಕಟ್ಟಡ ಕಟ್ಟುವ) ಮಾರ್ಗಸೂಚಿಯಲ್ಲಿ ಬಾಗಿಲಿಗೆ ಹೇಳಿರುವ ಅಗಲ 900 ಮಿಲಿಮೀಟರ್, ಅಂದರೆ ಸುಮಾರು 3 ಅಡಿ. ಹೊಲಿಗೆಯ ಮಾಸ್ಟರ್ ನನ್ನನ್ನು ನೋಡಿ, “ಇಬ್ಬರು ಹಿಡ್ಕೊಂಡು ನಿಲ್ಲಿಸ್ತೀವಿ, ಎರಡು ನಿಮಿಷ” ಎಂದ. ನಾನು ನಿಲ್ಲುವವಳಲ್ಲ, ನಿಂತು ಈ ಬಟ್ಟೆ ತೊಡುವವಳೂ ಅಲ್ಲ, ಕುಳಿತ ಅಳತೆ ತೆಗೆದುಕೊಳ್ಳಿ ಎಂದೆ. ನಾಲ್ಕು ಜನ ಗಿರಾಕಿಗಳು ನೋಡುತ್ತಿರುವ ಕಡೆ ಅದು ಸಾಧ್ಯವಿಲ್ಲ, ಆದ್ದರಿಂದ ಮಹಿಳಾ ದರ್ಜಿಯೊಬ್ಬರನ್ನು ಮನೆಗೇ ಕಳುಹಿಸಿ ಅಳತೆ ತೆಗೆಸುತ್ತೇವೆ ಎಂದು ವ್ಯವಸ್ಥಾಪಕರು ಬಾಯಿಮಾತಿನಲ್ಲಿ ಒಪ್ಪಿಕೊಂಡರು. ಯಾರೂ ಬರಲಿಲ್ಲ. ನಾವು ಮತ್ತೆ ಮತ್ತೆ ಫೋನ್ ಮಾಡಿ ಕೇಳಿದ ಮೇಲೆ ತಿಳಿದದ್ದೇನೆಂದರೆ, ಮಾಸ್ಟರ್ ನನ್ನನ್ನು ಕಣ್ಣಳತೆಯಲ್ಲಿ ನೋಡಿಕೊಂಡು, ನಿಂತ ಹೆಂಗಸಿನ ಸಿದ್ಧ ಅಳತೆ ಪಟ್ಟಿಯಿಂದ ಒಂದನ್ನು ಆರಿಸಿ, ಬಟ್ಟೆಯನ್ನು ಆಗಲೇ ಕತ್ತರಿಸಿಬಿಟ್ಟಿದ್ದ.

ಕುಳಿತ ಅಳತೆ ಎಂದು ನಾನು ಒತ್ತಿ ಹೇಳುವುದು ಏಕೆಂದು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಒಳ್ಳೆಯ ದರ್ಜಿಗಳಲ್ಲೂ ಅನೇಕರು ಈ ಬಗ್ಗೆ ಯೋಚಿಸಿರುವುದಿಲ್ಲ. ಕುಳಿತಾಗ ಸೊಂಟ ಮತ್ತು ಹೊಟ್ಟೆಯ ಸುತ್ತಳತೆ ಹೆಚ್ಚುತ್ತದೆ. ಲೆಹೆಂಗಾದ ಸೊಂಟಪಟ್ಟಿ ಹಿಂದೆ ಕೆಳಗೆ ಜಗ್ಗಿ, ಮುಂದೆ ಮಡಚಿಕೊಂಡು ಹೊಟ್ಟೆಗೆ ಒತ್ತುತ್ತದೆ. ಆದ್ದರಿಂದ ಪಟ್ಟಿಯನ್ನು ಹಿಂದೆ ಎತ್ತರವಾಗಿ, ಮುಂದೆ ತಗ್ಗಾಗಿ ಕತ್ತರಿಸಬೇಕು. ಮುಂಭಾಗದ ಉದ್ದವನ್ನು ಸೊಂಟದಿಂದ ತೊಡೆಯ ಮೇಲೆ ಹಾಯಿಸಿ, ಮಂಡಿಯ ಮೇಲಿಂದ ಇಳಿಸಿ, ಕಾಲುಹಲಗೆಯ ಮೇಲಿರುವ ಪಾದದವರೆಗೆ ಅಳೆಯಬೇಕು. ಹಾಗೆ ಮಾಡದಿದ್ದರೆ ಅಂಚು ಮೇಲೇರಿ ಕಣಕಾಲು ಕಾಣುತ್ತದೆ. ಹಿಂಭಾಗದಲ್ಲಿ ಅಷ್ಟೇ ಘೇರು, ಅಂದರೆ ಬಟ್ಟೆಯ ಹರವು, ಕೊಟ್ಟರೆ ಆ ಬಟ್ಟೆಯೆಲ್ಲ ಕುಳಿತ ಜಾಗದ ಅಡಿಯಲ್ಲಿ ಮುದ್ದೆಯಾಗುತ್ತದೆ, ಬದಿಯ ಘೇರು ಗಾಲಿಯ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ರವಿಕೆಯಲ್ಲಿ ಮುಖ್ಯವಾದದ್ದು ಕಂಕುಳ ಸುತ್ತು. ಕುರ್ಚಿಯನ್ನು ತಾವೇ ತಳ್ಳುವವರ ಭುಜ ಮತ್ತು ತೋಳು ದಪ್ಪವಾಗಿ ಬೆಳೆದಿರುತ್ತವೆ, ಪ್ರತಿ ಸಲ ತಳ್ಳುವಾಗಲೂ ತೋಳು ಹಿಂದಕ್ಕೆ ಹೋಗಿ ಮುಂದಕ್ಕೆ ಬರಬೇಕು. ಅಳತೆ ತೆಗೆಯುವಾಗ ಕೈಗಳನ್ನು ಗಾಲಿಯ ಮೇಲಿಟ್ಟು ಒಮ್ಮೆ ತಳ್ಳಿ ತೋರಿಸಿ. ಆ ಚಲನೆಯನ್ನು ನೋಡದ ದರ್ಜಿಗೆ ನಿಮ್ಮ ರವಿಕೆ ಹೊಲಿಯಲು ಬರುವುದಿಲ್ಲ.

ನನಗೆ ಬಂದ ರವಿಕೆಯ ಕಂಕುಳಲ್ಲಿ ಎಷ್ಟು ಬಿಗಿ ಇತ್ತೆಂದರೆ ಕೈ ಗಾಲಿಯ ಮೇಲ್ತುದಿಗೂ ತಲುಪುತ್ತಿರಲಿಲ್ಲ. ತೋಳಿನ ಒಳಬದಿಗೂ ಆರಿ ಕೆಲಸ ಮಾಡಿದ್ದರಿಂದ ಜರಿಯ ಎಳೆಗಳು ಗಾಲಿಯ ಹಿಡಿಗೆ ಉಜ್ಜಿ ಮೊದಲ ದಿನವೇ ಕಿತ್ತುಬಂದವು. ಬೆನ್ನಿನ ನಡುವೆ ಮಣಿ ಮತ್ತು ಕಲ್ಲುಗಳಿಂದ ಒಂದು ದೊಡ್ಡ ನವಿಲನ್ನು ಹೊಲಿದಿದ್ದರು. ಕುರ್ಚಿಯ ಒರಗಿಗೆ ಸದಾ ತಾಗಿರುವ ಬೆನ್ನಿಗೆ ಆ ನವಿಲು ಏಕೆ ಎಂದು ಕೇಳುವವರು ಇರಲಿಲ್ಲ, ಏಕೆಂದರೆ ವಿನ್ಯಾಸವನ್ನೂ ಸಿದ್ಧ ಚಿತ್ರದಿಂದಲೇ ತೆಗೆದುಕೊಂಡಿದ್ದರು.

ಲೆಹೆಂಗಾ ಇದಕ್ಕಿಂತ ಅಪಾಯಕಾರಿಯಾಗಿತ್ತು. ಅದರ ಒಳಗೆ ಘೇರು ನಿಲ್ಲಿಸಲು ಗಡುಸಾದ ಬಲೆಬಟ್ಟೆಯ ಪದರಗಳಿದ್ದವು, ಸುತ್ತಲೂ, ಕುಳಿತುಕೊಳ್ಳುವ ಭಾಗದಲ್ಲಿಯೂ ಸಹ, ಕಲ್ಲಿನ ಕೆಲಸವಿತ್ತು. ಮನೆಯಲ್ಲಿ ಅದನ್ನು ತೊಡಿಸಿ, ಹೇಗೆ ಕಾಣುತ್ತದೆಂದು ನೋಡಿ, ಫೋಟೊ ತೆಗೆಯುವಷ್ಟು ಹೊತ್ತು ನಾನು ಅದರಲ್ಲಿ ಕುಳಿತಿದ್ದೆ. ನನಗೆ ಏನೂ ಗೊತ್ತಾಗಲಿಲ್ಲ. ರಾತ್ರಿ ಮಲಗಿಸುವಾಗ ಅಕ್ಕ ನೋಡಿದಾಗ, ಪೃಷ್ಠದ ಎಲುಬಿನ ಮೇಲೆ ಕಲ್ಲುಗಳ ಸಾಲು ಅಚ್ಚೊತ್ತಿದಂತೆ ಕೆಂಪಾಗಿತ್ತು; ಬೆರಳಿಂದ ಒತ್ತಿ ಬಿಟ್ಟರೂ ಆ ಕೆಂಪು ಬಿಳುಪಾಗಲಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಇದರ ಅರ್ಥ ಗೊತ್ತು. ಒತ್ತಡದ ಹುಣ್ಣಿನ ಮೊದಲ ಹಂತ ಅದು. ಆಗಲೇ ಆ ಭಾಗದ ಮೇಲಿನ ಭಾರ ತೆಗೆಯದಿದ್ದರೆ ಚರ್ಮ ಒಡೆದು, ಮಾಂಸದವರೆಗೆ ಇಳಿದು, ವಾಸಿಯಾಗಲು ತಿಂಗಳುಗಳೇ ಬೇಕಾಗುತ್ತವೆ, ಸೋಂಕು ತಗುಲಿದರೆ ಪ್ರಾಣಕ್ಕೂ ಸಂಚಕಾರ. ವೈದ್ಯರು ಕೂರಲೇಬಾರದೆಂದರು. ಚಪ್ಪರದ ದಿನ, ಅರಿಶಿನ ಶಾಸ್ತ್ರದ ದಿನ ನಾನು ಒಳಕೋಣೆಯಲ್ಲಿ ಬೋರಲು ಮಲಗಿದ್ದೆ. ಮುತ್ತೈದೆಯರು ಅಲ್ಲಿಗೇ ಬಂದು ಕೈಗೆ, ಕೆನ್ನೆಗೆ ಅರಿಶಿನ ಹಚ್ಚಿ ಹೋದರು. ಚರ್ಮ ಒಡೆಯಲಿಲ್ಲ, ಮುಹೂರ್ತದ ಹೊತ್ತಿಗೆ ಕೂರಲು ಅನುಮತಿ ಸಿಕ್ಕಿತು. ಆರತಕ್ಷತೆಗೆ ಅಕ್ಕನ ಹಳೆಯ ಮೈಸೂರು ರೇಷ್ಮೆ ಸೀರೆ ಉಟ್ಟೆ. ಆ ಕ್ರೇಪ್ ಬಟ್ಟೆ ಮೆತ್ತಗೆ ಮೈಗೆ ಒಗ್ಗಿ ಕೂರುವುದರಿಂದ ಅಡಿಯಲ್ಲಿ ಗಂಟಾಗಲಿಲ್ಲ.

ಆದ್ದರಿಂದ ಸ್ಪರ್ಶಜ್ಞಾನ ಇಲ್ಲದವರು ಯಾರೇ ಇರಲಿ, ಕುಳಿತುಕೊಳ್ಳುವ ಭಾಗ, ತೊಡೆಯ ಹಿಂಬದಿ ಮತ್ತು ಬೆನ್ನಿನಲ್ಲಿ ಕಲ್ಲು, ಮಣಿ, ಗುಂಡಿ, ಜಿಪ್, ದಪ್ಪ ಹೊಲಿಗೆ, ಲಾಡಿಯ ಗಂಟು ಯಾವುದೂ ಬೇಡವೆಂದು ಬರೆದುಕೊಡಿ. ಕೆಲಸವೆಲ್ಲ ಮುಂಭಾಗ, ತೋಳಿನ ಹೊರಬದಿ ಮತ್ತು ಮಂಡಿಯಿಂದ ಕೆಳಗೆ ಇರಲಿ. ಕುಳಿತವರಲ್ಲಿ ನೋಡುವವರ ಕಣ್ಣಿಗೆ ಬೀಳುವುದೂ ಅದೇ ಭಾಗ. ಕೊಡವ ರೀತಿಯಲ್ಲಿ ಸೀರೆ ಉಡುವವರಿಗೆ ನೆರಿಗೆಗಳು ಹಿಂಬದಿಗೆ ಬರುವುದರಿಂದ ಇನ್ನೂ ಹೆಚ್ಚಿನ ಗಮನ ಬೇಕು, ಆ ನೆರಿಗೆಗಳ ಗಂಟು ಕುಳಿತ ಜಾಗದ ಅಡಿಗೆ ಬಾರದಂತೆ ಮೊದಲೇ ಉಟ್ಟು ನೋಡಿ. ಸೆರಗನ್ನು ಬೆನ್ನ ಹಿಂದೆ ಇಳಿಬಿಡಬೇಡಿ. ಗಾಲಿ ಒಂದು ಸುತ್ತು ಸುತ್ತುವಷ್ಟರಲ್ಲಿ ಅದು ಕಡ್ಡಿಗೆ ಸುತ್ತಿಕೊಂಡು, ಪಿನ್ ಹಾಕಿದ ಭುಜವನ್ನೂ ಕುತ್ತಿಗೆಯನ್ನೂ ಹಿಂದಕ್ಕೆ ಎಳೆಯುತ್ತದೆ. ಸೆರಗನ್ನು ಮುಂದಕ್ಕೆ ತಂದು ಮಡಿಲಲ್ಲಿ ನಿಲ್ಲುವಂತೆ ಪಿನ್ ಮಾಡಿಸಿ, ಕುಚ್ಚು ಚಿಕ್ಕದಿರಲಿ. ಹೊಸ ಬಟ್ಟೆಯನ್ನು ಮೊದಲ ಸಲ ತೊಟ್ಟಾಗ ಹದಿನೈದು ನಿಮಿಷಕ್ಕೆ ಬಿಚ್ಚಿ, ಚರ್ಮವನ್ನು ಯಾರಾದರೂ ನೋಡಲಿ.

ಹಣ ವಾಪಸ್ಸಿನ ವಿಷಯಕ್ಕೆ ಬಂದರೆ, ಕತ್ತರಿಸಿದ ಬಟ್ಟೆಯನ್ನು ಹಿಂತೆಗೆದುಕೊಳ್ಳುವುದಿಲ್ಲ ಎಂದು ಬಿಲ್ಲಿನ ಕೆಳಗೆ ಅಚ್ಚಾಗಿರುವ ಸಾಲನ್ನು ತೋರಿಸಿದರು. ಆ ಸಾಲು ಎಲ್ಲವನ್ನೂ ಮುಗಿಸಿಬಿಡುವುದಿಲ್ಲ. ಒಪ್ಪಿಕೊಂಡಂತೆ ಅಳತೆ ತೆಗೆಯದೆ ಹೊಲಿದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ ಎಂಬುದು ನನ್ನ ವಾದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಇನ್ನು ಮೆಟ್ಟಿಲು, ಬಾಗಿಲುಗಳ ಮಾತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಸಾರ್ವಜನಿಕರು ಬಳಸುವ ಖಾಸಗಿ ವಾಣಿಜ್ಯ ಕಟ್ಟಡಗಳನ್ನೂ ಸಾರ್ವಜನಿಕ ಕಟ್ಟಡ ಎಂದೇ ಪರಿಗಣಿಸುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷದ ಗಡುವು 2017ರ ನಿಯಮಗಳಿಂದ ಎಣಿಸಿದರೆ 2022ಕ್ಕೇ ಮುಗಿದಿದೆ. ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಇಂಥ ದೂರುಗಳನ್ನು ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರಹದಲ್ಲಿ ಕೊಡಬಹುದು, ನಾನೂ ಕೊಟ್ಟಿದ್ದೇನೆ.

ಚಿಕ್ಕಪೇಟೆಯ ಮಹಡಿ ಅಂಗಡಿಗಳಿರಲಿ, ನಿಮ್ಮ ಊರಿನ ಪೇಟೆಬೀದಿಯ ಅಂಗಡಿಯಿರಲಿ, ಹೊರಡುವ ಮೊದಲು “ಇಳಿಜಾರು ಇದೆಯೇ” ಎಂದಷ್ಟೇ ಕೇಳಿ ಸುಮ್ಮನಾಗಬೇಡಿ; ಬಾಗಿಲು, ಲಿಫ್ಟ್ ಮತ್ತು ಬಟ್ಟೆ ಹಾಕಿ ನೋಡುವ ಕೋಣೆಯ ಫೋಟೊಗಳನ್ನು ಮೊಬೈಲ್‌ಗೆ ಕಳುಹಿಸಲು ಹೇಳಿ. ನಿಮ್ಮ ಕುರ್ಚಿಯ ಅಗಲವನ್ನು, ಕೈಹಿಡಿ ಗಾಲಿಗಳನ್ನೂ ಸೇರಿಸಿ, ಅಳೆದು ತಿಳಿಸಿ. ಕಳುಹಿಸಲು ಮೀನಮೇಷ ಎಣಿಸುವ ಅಂಗಡಿಗೆ ಹೋಗದಿರುವುದೇ ಒಳ್ಳೆಯದು. ಸೀರೆಯ ಬಿಲ್ಲು ಬೇರೆ, ಹೊಲಿಗೆಯ ಬಿಲ್ಲು ಬೇರೆ ಮಾಡಿಸಿ. ಹೊಲಿಗೆಯ ಬಿಲ್ಲಿನ ಮೇಲೆ “ಕುಳಿತ ಅಳತೆಯಂತೆ, ಗ್ರಾಹಕರು ಅಳತೆ ಒಪ್ಪಿ ಸಹಿ ಮಾಡಿದ ನಂತರವೇ ಕತ್ತರಿಸತಕ್ಕದ್ದು” ಎಂದು ಅಂಗಡಿಯವರ ಕೈಯಲ್ಲೇ ಬರೆಸಿ, ಮೊಹರು ಹಾಕಿಸಿ. ಬೆಲೆಬಾಳುವ ಬಟ್ಟೆ ಕತ್ತರಿಸುವ ಮೊದಲು ಅಗ್ಗದ ಹತ್ತಿ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು, ನಿಮ್ಮದೇ ಕುರ್ಚಿಯಲ್ಲಿ, ನಿಮ್ಮದೇ ದಿಂಬಿನ ಮೇಲೆ ಕುಳಿತು ತೊಟ್ಟುನೋಡಲು ಕೊಡುವ ದರ್ಜಿ ನಿಮ್ಮ ಬಡಾವಣೆಯಲ್ಲೇ ಸಿಗಬಹುದು. ನನ್ನ ರವಿಕೆಯನ್ನು ಕೊನೆಗೆ ಎರಡೂ ಬದಿ ಬಿಚ್ಚಿ, ಕಂಕುಳಿಗೆ ಬಟ್ಟೆ ಕೊಟ್ಟು, ಬೆನ್ನಿನ ಮಣಿಗಳನ್ನೆಲ್ಲ ತೆಗೆದು ಧಾರೆಯ ಹೊತ್ತಿಗೆ ತೊಡುವಂತೆ ಮಾಡಿಕೊಟ್ಟವರು ನಮ್ಮ ರಸ್ತೆಯಲ್ಲಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಒಬ್ಬ ಹೆಂಗಸು. ಅವರು ಮೊದಲು ಮಾಡಿದ ಕೆಲಸ, ನನ್ನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, ತೋಳು ಎಲ್ಲಿ ಹಿಡಿಯುತ್ತದೆ ಎಂದು ನನ್ನನ್ನೇ ಕೇಳಿದ್ದು.